ಸೌಂಡ್ ಆಫ್ ಮಾಡಿ ಸೀರಿಯಲ್ ನೋಡಿ

ತುಮಕೂರಿನಲ್ಲಿ 20 ವರ್ಷದಿಂದ ಮದುವೆ ವಿಡಿಯೊ ತೆಗೆಯುತ್ತಿದ್ದೇನೆ. ಸಂಜೆ ಮನೆಗೆ ಬಂದರೆ ಅಮ್ಮನ ಸೀರಿಯಲ್. ಮೊನ್ನೆ ಟಿವಿಯಲ್ಲಿ ಯಾರೂ ಬಾಯಿ ಬಿಡುವ ಮುಂಚೆಯೇ ಅಮ್ಮ, "ಅತ್ತೆಗೆ ಗೊತ್ತಾಗೋಯ್ತು ಕಣೋ" ಅಂದರು. ಅವರಿಗೆ ಸುದ್ದಿ ಕೊಟ್ಟಿದ್ದು ಕ್ಯಾಮೆರಾ. ಅದು ಹೇಗೆ ಅಂತ ಪತ್ತೆ ಮಾಡೋಣ.

ಇಡೀ ಎಪಿಸೋಡ್ ಬೇಡ. ಮೊಬೈಲಿನಲ್ಲಿ 2 ನಿಮಿಷದ ಒಂದೇ ದೃಶ್ಯ ಸಾಕು. ಮೊದಲು ಸುಮ್ನೆ ನೋಡಿ, ಮನಸ್ಸಿಗೆ ಏನನ್ನಿಸಿತು ಅಂತ ಬರೆದಿಡಿ. ಆಮೇಲೆ ಸೌಂಡ್ ಆಫ್ ಮಾಡಿ. ಶಾಟ್ (ಒಂದು ಕಟ್‌ನಿಂದ ಇನ್ನೊಂದು ಕಟ್‌ವರೆಗಿನ ತುಣುಕು) ಬದಲಾದಾಗಲೆಲ್ಲ ನಿಲ್ಲಿಸಿ ಒಂದೊಂದು ಸಾಲು ಬರೆಯಿರಿ: ಯಾರು ಕಾಣುತ್ತಾರೆ, ಎಷ್ಟು ಹತ್ತಿರ, ಕ್ಯಾಮೆರಾ ಮೇಲಿದೆಯೋ ಕೆಳಗಿದೆಯೋ, ಬೆಳಕು ಯಾವ ಕಡೆಯಿಂದ.

ಅಮ್ಮನ ದೃಶ್ಯವನ್ನೇ ನಾನು ಹೀಗೆ ಬಿಡಿಸಿದೆ. ಸೊಸೆ ನಡುಮನೆಯಲ್ಲಿ ಕಾಫಿ ತಟ್ಟೆ ಹಿಡಿದು ನಿಂತಿದ್ದಾಳೆ, ಅತ್ತೆ ಮೆಟ್ಟಿಲ ಮೇಲೆ. ಒಟ್ಟು 11 ಶಾಟ್. ಅದರಲ್ಲಿ 7 ಅತ್ತೆಯ ಮುಖ, ಎಲ್ಲವೂ ಕೆಳಗಿನಿಂದ. ಸೊಸೆಯನ್ನು ಮೇಲಿನಿಂದ, ಮೆಟ್ಟಿಲ ಕಂಬಿಗಳ ಸಂದಿಯಲ್ಲಿ ತೋರಿಸುತ್ತಾರೆ. ಅವಳ ಮುಖಕ್ಕೆ ಒಂದೂ ಕ್ಲೋಸಪ್ ಇಲ್ಲ. ಅವಳ ಕೈಗಿದೆ! ಲೋಟ ಅಲುಗಿ ಕಾಫಿ ತಟ್ಟೆಗೆ ಚೆಲ್ಲುತ್ತದೆ. ಸೌಂಡ್ ಹಾಕಿದಾಗ ಇನ್ನೊಂದು ಸಿಕ್ಕಿತು. ಮಾತಾಡುವವಳು ಸೊಸೆ, ಆದರೆ ಅಷ್ಟು ಹೊತ್ತೂ ತೆರೆ ಮೇಲೆ ಅತ್ತೆಯ ಕಣ್ಣು. ಸೊಸೆ ಏನು ಹೇಳುತ್ತಾಳೆ ಅನ್ನುವುದಕ್ಕಿಂತ ಅತ್ತೆ ಅದನ್ನು ನಂಬುತ್ತಿಲ್ಲ ಅನ್ನುವುದೇ ನಮಗೆ ತಲುಪುತ್ತದೆ.

ಇಲ್ಲಿ ಒಂದು ಸಲ ಉಲ್ಟಾ ಮಾಡಿ ಯೋಚಿಸಿ. ಅದೇ ಮಾತಿಗೆ ಸೊಸೆಯ ಮುಖ ಇಟ್ಟಿದ್ದರೆ? ಅವಳ ಕಡೆಗೇ ವಾಲುತ್ತಿದ್ದೆವು, ಅಲ್ವಾ?

ಹಿಂದಿನ ಶಾಟ್, ಮುಂದಿನ ಶಾಟ್ ಬಿಟ್ಟು ಯಾವ ಮುಖವನ್ನೂ ಓದಬೇಡಿ. ರಷ್ಯಾದ ನಿರ್ದೇಶಕ ಲೆವ್ ಕುಲೆಶೋವ್ ಸುಮಾರು 100 ವರ್ಷದ ಹಿಂದೆ ಇದನ್ನು ಪರೀಕ್ಷಿಸಿದ್ದ. ನಟನ ಒಂದೇ ಮುಖವನ್ನು ಒಮ್ಮೆ ಸೂಪಿನ ಬಟ್ಟಲಿನ ಜೊತೆ, ಒಮ್ಮೆ ಶವಪೆಟ್ಟಿಗೆಯ ಜೊತೆ ಜೋಡಿಸಿದ. ನೋಡಿದವರಿಗೆ ಅದೇ ಮುಖದಲ್ಲಿ ಹಸಿವೂ ಕಂಡಿತು, ದುಃಖವೂ ಕಂಡಿತು ಅಂತಾರೆ.

ಯಾರು ಯಾವ ದಿಕ್ಕಿಗೆ ನೋಡುತ್ತಾರೆ ಅನ್ನುವುದನ್ನೂ ಬರೆದುಕೊಳ್ಳಿ. ಇದನ್ನು ನಾನು ಕಲಿತಿದ್ದು ಬೈಸಿಕೊಂಡು. ಶಿರಾ ಕಡೆಯ ಒಂದು ಮದುವೆಯಲ್ಲಿ ಹಾರ ಬದಲಾಯಿಸುವಾಗ ಹುಡುಗಿಯನ್ನು ಒಂದು ಪಕ್ಕದಿಂದ, ಹುಡುಗನನ್ನು ಆಚೆ ಪಕ್ಕಕ್ಕೆ ಹೋಗಿ ತೆಗೆದೆ. ಎಡಿಟ್ ಮಾಡಿದರೆ ಇಬ್ಬರೂ ಬಲಕ್ಕೇ ನೋಡುತ್ತಿದ್ದಾರೆ! "ನಮ್ಮ ಹುಡುಗ ಯಾರಿಗೆ ಹಾರ ಹಾಕ್ತಿದಾನಪ್ಪಾ?" ಅಂದರು ಹುಡುಗನ ತಂದೆ. ಇಬ್ಬರ ನಡುವೆ ಒಂದು ಗೆರೆ ಎಳೆದುಕೊಂಡು ಕ್ಯಾಮೆರಾ ಅದರ ಒಂದೇ ಪಕ್ಕ ಇರಬೇಕು. 180 ಡಿಗ್ರಿ ನಿಯಮ ಅನ್ನುವುದು ಇದಕ್ಕೇ. ಸೀರಿಯಲ್‌ನಲ್ಲಿ ಬೇಕಂತಲೇ ಗೆರೆ ದಾಟಿದ್ದರೆ, ಆ ಪಾತ್ರಗಳ ನಡುವೆ ಏನೋ ಹದ ತಪ್ಪಿದೆ ಅಂತ ಹೇಳುತ್ತಿರಬಹುದು.

ಮ್ಯೂಸಿಕ್ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಅದು ಮಾತಿಗಿಂತ ಮುಂಚೆ ಶುರುವಾಯಿತೋ, ಆಮೇಲೋ, ಅಷ್ಟು ನೋಡಿ. ಮೂರು ಸಲ ಮುಖಕ್ಕೆ ಝೂಮ್, ಮೂರು ಸಲ ಡಂ ಅಂದರೆ ಒಂದು ಸಾಲಿಗಿಂತ ಜಾಸ್ತಿ ಬರೆಯುವಂಥದ್ದೇನೂ ಇಲ್ಲ.

ಕೆಳಗಿನಿಂದ ತೆಗೆದಿದ್ದಾರೆ ಅಂದ ಕೂಡಲೇ "ದರ್ಪ" ಅಂತ ಬರೆದುಬಿಡಬೇಡಿ. ಅದೇ ಸೀರಿಯಲ್‌ನಲ್ಲಿ ಪುಟ್ಟ ಮಗು ಅಜ್ಜನನ್ನು ನೋಡುವಾಗಲೂ ಕ್ಯಾಮೆರಾ ಕೆಳಗೇ ಇತ್ತು, ಅಲ್ಲಿದ್ದದ್ದು ಅಕ್ಕರೆ. ಕೆಲವು ಸಲ ಕಾರಣ ಇನ್ನೂ ಸಣ್ಣದು. ಜಾಗ ಇರುವುದಿಲ್ಲ, ಸಂಜೆಯೊಳಗೆ ಶೂಟಿಂಗ್ ಮುಗಿಸಬೇಕಾಗಿರುತ್ತದೆ.

ಅಮ್ಮನಿಗೆ ನನ್ನ ನೋಟ್‌ಬುಕ್ ತೋರಿಸಿದೆ. "ಇಷ್ಟೆಲ್ಲ ಬರೀಬೇಕಾ? ಲೋಟ ಅಲುಗಿದಾಗಲೇ ಗೊತ್ತಾಯ್ತಲ್ಲ" ಅಂದರು.