ಗ್ರೀಕ್ ದುರಂತ ನಾಟಕ ಓದುವುದು ಹೇಗೆ?

ಗ್ರೀಕ್ ದುರಂತ ನಾಟಕವನ್ನು ಮೊದಲ ಸಲ ಕೈಗೆತ್ತಿಕೊಂಡವರು ಹತ್ತು ಪುಟಕ್ಕೇ ಸುಸ್ತಾಗುವುದುಂಟು. ಹೆಸರುಗಳು ನಾಲಿಗೆಗೆ ಹತ್ತುವುದಿಲ್ಲ. ರಂಗದ ಮೇಲೆ ಏನೂ ನಡೆಯುತ್ತಿಲ್ಲ ಅನ್ನಿಸುತ್ತದೆ. ಒಬ್ಬ ಬಂದು ಮಾತಾಡುತ್ತಾನೆ, ಮೇಳ (ಕೋರಸ್, ಅಂದರೆ ಒಟ್ಟಾಗಿ ಹಾಡುವ ಗುಂಪು) ಹಾಡುತ್ತದೆ, ಇನ್ನೊಬ್ಬ ಬರುತ್ತಾನೆ. ಇವುಗಳನ್ನು ಓದಲು ನಾನು ಹೇಳುವ ದಾರಿ ಒಂದೇ. "ತಪ್ಪು ಯಾರದು?" ಎಂದು ಹುಡುಕುವುದನ್ನು ಬಿಡಿ. "ಈಗ, ಈ ಮಾತು ಆಡುವಾಗ, ಯಾರಿಗೆ ಏನು ಗೊತ್ತು?" ಎಂದು ಕೇಳುತ್ತಾ ಹೋಗಿ. ಗ್ರೀಕ್ ನಾಟಕಕಾರ ಸೊಫೊಕ್ಲಿಸನ ಈಡಿಪಸ್ ನಾಟಕವನ್ನೇ ಇಟ್ಟುಕೊಂಡು ನೋಡೋಣ. ಪಿ. ಲಂಕೇಶ್ ಅದನ್ನು ಕನ್ನಡಕ್ಕೆ ತಂದಿದ್ದಾರೆ, ಹಾಗಾಗಿ ಕನ್ನಡದಲ್ಲೇ ಓದಬಹುದು.

ಹೆಜ್ಜೆ 1: ಕಥೆಯನ್ನು ಮೊದಲೇ ತಿಳಿದುಕೊಳ್ಳಿ

ಕೊನೆ ಗೊತ್ತಾದರೆ ಮಜಾ ಹೋಗುತ್ತದೆ ಎಂಬ ಭಯ ಬೇಡ. ಕ್ರಿ.ಪೂ. 5ನೇ ಶತಮಾನದ ಅಥೆನ್ಸಿನಲ್ಲಿ, ಡಯೊನೈಸಸ್ ದೇವರ ಹಬ್ಬದಲ್ಲಿ, ಅಕ್ರೊಪೊಲಿಸ್ ಗುಡ್ಡದ ಇಳಿಜಾರಿನಲ್ಲಿ ಕೂತು ಈ ನಾಟಕ ನೋಡಿದವರಿಗೆ ಕಥೆ ಮೊದಲೇ ಗೊತ್ತಿತ್ತು. ಈಡಿಪಸ್ ತಂದೆಯನ್ನು ಕೊಂದವನು, ತಾಯಿಯನ್ನು ಮದುವೆಯಾದವನು ಎಂದು ತಿಳಿದೇ ಅವರು ಬಂದಿದ್ದರು. ಕರ್ಣ ಸಾಯುತ್ತಾನೆ ಅಂತ ಗೊತ್ತಿದ್ದೂ ನಾವು ಕರ್ಣಪರ್ವದ ಆಟಕ್ಕೆ ಹೋಗುತ್ತೇವೆ, ಅಲ್ವಾ? ನೋಡುವವರಿಗೆ ಗೊತ್ತು, ಪಾತ್ರಕ್ಕೆ ಗೊತ್ತಿಲ್ಲ. ನಾಟಕ ಇರುವುದೇ ಆ ಅಂತರದಲ್ಲಿ.

ಜೊತೆಗೆ ಒಂದು ಹಾಳೆಯಲ್ಲಿ ವಂಶವೃಕ್ಷ ಬರೆದುಕೊಳ್ಳಿ. ಉಳಿದಿರುವ ಸುಮಾರು ಮೂವತ್ತೆರಡು ದುರಂತ ನಾಟಕಗಳಲ್ಲಿ ಎರಡು ಮನೆತನಗಳು ಮತ್ತೆ ಮತ್ತೆ ಬರುತ್ತವೆ. ಒಂದು ಥೀಬ್ಸಿನ ಈಡಿಪಸನ ಮನೆ. ಇನ್ನೊಂದು ಆರ್ಗಸ್ ಕಡೆಯ ಅಗಮೆಮ್ನಾನನ ಮನೆ. ಇವೆರಡು ಕೈಗೆ ಸಿಕ್ಕರೆ ಹೆಸರುಗಳ ಕಾಟ ಅರ್ಧ ಕಡಿಮೆಯಾಗುತ್ತದೆ.

ಹೆಜ್ಜೆ 2: ನಾಟಕ ಯಾವ ದಿನ ಶುರುವಾಗುತ್ತದೆ ನೋಡಿ

ಈಡಿಪಸನ ಕಥೆ ಅವನ ಹುಟ್ಟಿಗೂ ಮೊದಲಿನದು. ನಾಟಕ ಹಿಡಿಯುವುದು ಮಾತ್ರ ಕೊನೆಯ ಒಂದು ದಿನವನ್ನು. ಈಡಿಪಸ್ ಆಳುವ ಥೀಬ್ಸ್ ಊರಿಗೆ ಪಿಡುಗು ಬಂದಿದೆ. ಹಳೆಯ ದೊರೆ ಲೈಯಸನನ್ನು ಕೊಂದವನನ್ನು ಹೊರಗಟ್ಟದೆ ಪಿಡುಗು ಹೋಗದು ಎಂದು ಡೆಲ್ಫಿಯ ದೈವವಾಣಿ ಹೇಳಿದೆ. ಕೊಲೆ, ಮದುವೆ, ಮಕ್ಕಳು ಎಲ್ಲ ಮುಗಿದುಹೋಗಿದೆ. ಇನ್ನು ಉಳಿದಿರುವುದು ತಿಳಿಯುವುದೊಂದೇ. ಹಾಳೆಯ ಒಂದು ಬದಿ "ಹಿಂದೆ ನಡೆದದ್ದು", ಇನ್ನೊಂದು ಬದಿ "ಇವತ್ತು ನಡೆಯುವುದು" ಎಂದು ಬರೆದುಕೊಳ್ಳಿ.

ಹೆಜ್ಜೆ 3: ಪ್ರತಿ ಪ್ರವೇಶಕ್ಕೂ ಎರಡು ಪ್ರಶ್ನೆ ಹಾಕಿ

ಇದೇ ಮುಖ್ಯ, ಇಲ್ಲಿ ಆತುರ ಬೇಡ. ಬಂದವರಿಗೆ ಏನು ಬೇಕು? ಅವರಿಗೆ ಏನು ಗೊತ್ತು? ಎರಡು ಸಾಲಿನಲ್ಲಿ ಉತ್ತರ ಬರೆಯಿರಿ.

ಕುರುಡ ಕಣಿಗಾರ ಟೈರೇಸಿಯಸ್ ಬರುತ್ತಾನೆ. ಅವನಿಗೆ ಎಲ್ಲ ಗೊತ್ತು, ಹೇಳಲು ಇಷ್ಟವಿಲ್ಲ. ಈಡಿಪಸ್ ಕೆಣಕುತ್ತಾನೆ. ಆಗ "ಕೊಂದವನು ನೀನೇ" ಎಂದುಬಿಡುತ್ತಾನೆ. ನಾಟಕದ ಆರಂಭದಲ್ಲೇ ಸತ್ಯ ಹೊರಗೆ ಬಿತ್ತು. ಆದರೂ ಯಾರೂ ನಂಬುವುದಿಲ್ಲ. ತನ್ನ ಪಟ್ಟ ಕಸಿಯಲು ಭಾವಮೈದುನ ಕ್ರಿಯಾನ್ ಹೂಡಿದ ಸಂಚು ಎಂದು ಈಡಿಪಸ್ ತಿಳಿಯುತ್ತಾನೆ.

ಆಮೇಲೆ ಯೊಕಾಸ್ಟ, ಈಡಿಪಸನ ಹೆಂಡತಿ, ಹಿಂದೆ ಲೈಯಸನ ರಾಣಿ. ಅವಳಿಗೆ ಬೇಕಿರುವುದು ಗಂಡನ ಸಮಾಧಾನ. ಕಣಿಯ ಮಾತು ಸುಳ್ಳಾಗುತ್ತದೆ ಎಂದು ತೋರಿಸಲು ತನ್ನ ಕಥೆಯನ್ನೇ ಹೇಳುತ್ತಾಳೆ. ಲೈಯಸ್ ಮಗನ ಕೈಯಲ್ಲಿ ಸಾಯುತ್ತಾನೆ ಅಂದಿದ್ದರು, ಹಾಗಾಗಿ ಹುಟ್ಟಿದ ಮಗುವನ್ನು ಬೆಟ್ಟದಲ್ಲಿ ಬಿಡಿಸಿದ್ದರು. ಆದರೆ ಮೂರು ದಾರಿ ಕೂಡುವಲ್ಲಿ ದರೋಡೆಕೋರರು ಅವನನ್ನು ಕೊಂದರು. ಅವಳ ಪಾಲಿಗೆ "ಮೂರು ದಾರಿ" ಸುಮ್ನೆ ಬಂದ ವಿವರ. ಈಡಿಪಸ್ ಮಾತ್ರ ಅಲ್ಲೇ ನಿಂತುಬಿಡುತ್ತಾನೆ. ಅಂಥದ್ದೇ ಜಾಗದಲ್ಲಿ ತಾನೊಬ್ಬ ಮುದುಕನನ್ನು ಹೊಡೆದು ಕೊಂದದ್ದು ಅವನಿಗೆ ನೆನಪಾಗುತ್ತದೆ.

ಇನ್ನು ಕೊರಿಂತ್ ಊರಿನ ದೂತ. ನಿಮ್ಮ ತಂದೆ ಪಾಲಿಬಸ್ ತೀರಿಕೊಂಡರು, ರಾಜ್ಯ ನಿಮಗೆ ಎನ್ನುತ್ತಾನೆ. ತಂದೆಯನ್ನು ಕೊಂದು ತಾಯಿಯನ್ನು ಮದುವೆಯಾಗುತ್ತೀಯ ಎಂದು ಈಡಿಪಸನಿಗೂ ಹಿಂದೆ ಕಣಿ ಹೇಳಿತ್ತು. ತಂದೆ ತಾನಾಗಿಯೇ ಸತ್ತ, ಕಣಿ ಸುಳ್ಳಾಯಿತು ಎಂದು ಅವನಿಗೆ ನಿರಾಳ. ತಾಯಿಯ ವಿಷಯದ ಭಯ ಇನ್ನೂ ಇದೆ. ಅದನ್ನೂ ಕಳೆಯೋಣ ಎಂದು ದೂತ ಹೇಳುತ್ತಾನೆ: ಅವರು ನಿಮ್ಮ ಹೆತ್ತವರೇ ಅಲ್ಲ, ಲೈಯಸನ ಕುರುಬನೊಬ್ಬ ಕೊಟ್ಟ ಮಗುವನ್ನು ನಾನೇ ಅವರಿಗೆ ಒಪ್ಪಿಸಿದೆ.

ಇಲ್ಲಿ ಓದು ನಿಲ್ಲಿಸಿ ಯೊಕಾಸ್ಟಳನ್ನು ನೋಡಿ. ಅವಳಿಗೆ ಎಲ್ಲ ತಿಳಿದುಹೋಗಿದೆ. ಈಡಿಪಸನಿಗೆ ಇನ್ನೂ ತಿಳಿದಿಲ್ಲ. ಇನ್ನು ಕೇಳಬೇಡ ಎಂದು ಬೇಡುತ್ತಾಳೆ. ಅವನೋ, ತನ್ನ ಕೀಳು ಹುಟ್ಟಿಗೆ ಇವಳು ನಾಚುತ್ತಿದ್ದಾಳೆ ಎಂದುಕೊಳ್ಳುತ್ತಾನೆ. ಅವಳು ಒಳಗೆ ಓಡುತ್ತಾಳೆ. ನನ್ನ ಮಟ್ಟಿಗೆ ಇಡೀ ನಾಟಕದಲ್ಲಿ ಇದಕ್ಕಿಂತ ಎದೆ ಹಿಂಡುವ ಗಳಿಗೆ ಇನ್ನೊಂದಿಲ್ಲ. ಕೊನೆಗೆ ಈಡಿಪಸ್ ತನ್ನ ಕಣ್ಣು ಚುಚ್ಚಿಕೊಂಡ ಸುದ್ದಿ ಕೂಡ ಇಷ್ಟು ನೋಯಿಸುವುದಿಲ್ಲ.

ಗಮನಿಸಿ, ಯೊಕಾಸ್ಟಳೂ ದೂತನೂ ಸಮಾಧಾನ ಹೇಳಲು ಬಂದವರು. ಇಬ್ಬರ ಮಾತೂ ತಿರುಗಿ ಬಿತ್ತು. ಕಥೆ ಹೀಗೆ ಮಗುಚಿಕೊಳ್ಳುವುದಕ್ಕೆ ಅರಿಸ್ಟಾಟಲ್ ಉದಾಹರಣೆ ಕೊಟ್ಟದ್ದು ಈ ದೂತನನ್ನೇ.

ಹೆಜ್ಜೆ 4: ಮೇಳವನ್ನು ಹಾರಿಸಬೇಡಿ

ಹಾಡು ಬಂದ ಕೂಡಲೇ ಪುಟ ತಿರುಗಿಸುವವರೇ ಜಾಸ್ತಿ. ಮೇಳದವರು ಸಾಮಾನ್ಯವಾಗಿ ಊರ ಹಿರಿಯರೋ ಹೆಂಗಸರೋ ಆಗಿರುತ್ತಾರೆ. ಅವರಿಗೆ ಗೊತ್ತಿರುವುದು ಕಡಿಮೆ, ಅವರ ಅಭಿಪ್ರಾಯವೂ ಬದಲಾಗುತ್ತಾ ಹೋಗುತ್ತದೆ. ಕೆಲವೊಮ್ಮೆ ಅವರ ಒಂದೇ ಮಾತಿನಲ್ಲಿ ಎಲ್ಲ ಇರುತ್ತದೆ. ಸೊಫೊಕ್ಲಿಸನದೇ ‘ಅಂತಿಗೊನೆ’ಯಲ್ಲಿ ಈಡಿಪಸನ ಮಗಳು ಅಂತಿಗೊನೆ, ದೊರೆ ಕ್ರಿಯಾನನ ಆಜ್ಞೆ ಮೀರಿ ಸತ್ತ ಅಣ್ಣನಿಗೆ ಮಣ್ಣು ಹಾಕುತ್ತಾಳೆ, ಅವನು ಅವಳನ್ನು ಗುಹೆಯಲ್ಲಿ ಮುಚ್ಚಿಸುತ್ತಾನೆ. ಕೊನೆಗೆ ಕ್ರಿಯಾನ್ ಮನಸ್ಸು ಬದಲಿಸಿದಾಗ ಮೇಳ ಹೇಳುತ್ತದೆ: ಹುಡುಗಿಯನ್ನು ಗುಹೆಯಿಂದ ಬಿಡಿಸು, ಹೆಣಕ್ಕೆ ಗೋರಿ ಮಾಡು. ಅವನು ಮೊದಲು ಹೆಣದ ಕೆಲಸ ಮುಗಿಸಿ ಆಮೇಲೆ ಗುಹೆಗೆ ಹೋಗುತ್ತಾನೆ. ಅಷ್ಟರಲ್ಲಿ ಅಂತಿಗೊನೆ ನೇಣು ಹಾಕಿಕೊಂಡಿರುತ್ತಾಳೆ.

ಸಾವುಗಳು ಸಾಮಾನ್ಯವಾಗಿ ರಂಗದ ಹಿಂದೆ ನಡೆಯುತ್ತವೆ, ದೂತ ಬಂದು ವರದಿ ಹೇಳುತ್ತಾನೆ. ಆ ಉದ್ದ ಮಾತನ್ನು ಗಟ್ಟಿಯಾಗಿ ಓದಿಕೊಳ್ಳಿ, ಕಣ್ಣಿಗೆ ಕಟ್ಟುತ್ತದೆ.

ಹೆಜ್ಜೆ 5: "ನಾಯಕನ ದೋಷ" ಹುಡುಕಬೇಡಿ

ಪರೀಕ್ಷೆಗೆ ಓದುವವರು ಈಡಿಪಸನ ದೋಷ ಅಹಂಕಾರ ಎಂದು ಬರೆದು ಮುಗಿಸುತ್ತಾರೆ. ಅವನಿಗೆ ಸಿಟ್ಟು ಜಾಸ್ತಿ, ನಿಜ. ಆದರೆ ಅರಿಸ್ಟಾಟಲ್ ಹೇಳಿದ ‘ಹಮಾರ್ಟಿಯ’ ಎಂದರೆ ತಿಳಿಯದೆ ಆದ ಎಡವಟ್ಟು ಎಂದು ಹಿಡಿಯುವುದೇ ಹೆಚ್ಚು ಸರಿ. ಈಡಿಪಸನನ್ನು ಬೀಳಿಸುವುದು ಅವನ ಒಳ್ಳೆಯ ಗುಣವೂ ಹೌದು. ಊರು ಉಳಿಯಲಿ ಎಂದು ಅವನು ಕೇಳುವುದನ್ನು ನಿಲ್ಲಿಸುವುದಿಲ್ಲ.

ಮುಂದೆ ಏನು ಓದಬೇಕು?

ಈಡಿಪಸ್ ಆದ ಮೇಲೆ ‘ಅಂತಿಗೊನೆ’ ಓದಿ. ಅದನ್ನೂ ಲಂಕೇಶ್ ಅನುವಾದಿಸಿದ್ದಾರೆ. ನಂತರ ಯೂರಿಪಿಡೀಸನ ‘ಮೀಡಿಯ’. ಅಲ್ಲಿ ಪ್ರಶ್ನೆ ತಲೆಕೆಳಗಾಗುತ್ತದೆ, ಏಕೆಂದರೆ ತಾನು ಏನು ಮಾಡಲಿದ್ದೇನೆ ಎಂದು ಮೀಡಿಯಳಿಗೆ ಚೆನ್ನಾಗಿ ಗೊತ್ತು. ಕನ್ನಡದ ಕಡೆಯಿಂದಲೇ ಹೊರಡಬೇಕು ಅನ್ನುವವರು ಬಿ.ಎಂ.ಶ್ರೀ ಅವರ ‘ಅಶ್ವತ್ಥಾಮನ್’ ಓದಬಹುದು. ಸೊಫೊಕ್ಲಿಸನ ‘ಏಜಾಕ್ಸ್’ ನಾಟಕದ ಮಾದರಿಯಲ್ಲಿ ಅವರು ಮಹಾಭಾರತದ ಕಥೆಯನ್ನು ಕಟ್ಟಿದ್ದಾರೆ. ಅದಕ್ಕೂ ಇದೇ ಎರಡು ಪ್ರಶ್ನೆ ಹಾಕಿ ನೋಡಿ.