ಬೇಸಿಗೆಯಲ್ಲಿ ಗೋಡೆ ಮೇಲೆ ಓಡಾಡುವ ಕೆಂಪು ಹುಳ ಯಾವುದು?

ಬೇಸಿಗೆ ಬಂತು ಅಂದರೆ ನಮ್ಮ ಧಾರವಾಡದ ಕಡೆ ತಾರಸಿ, ಕಂಪೌಂಡ್ ಗೋಡೆ, ಬಾಗಿಲ ಕಟ್ಟೆ ಮೇಲೆಲ್ಲ ಯಾರೋ ಕುಂಕುಮ ಉದುರಿಸಿದ ಹಾಗೆ ಕೆಂಪು ಚುಕ್ಕೆ ಕಾಣುತ್ತವೆ, ಬಗ್ಗಿ ನೋಡಿದರೆ ಚುಕ್ಕೆಗಳು ಓಡುತ್ತಿರುತ್ತವೆ. ಓಣಿಯ ಹುಡುಗಿಯರು ಗಾಬರಿಯಾಗಿ ಕೇಳುತ್ತಾರೆ, "ಅಜ್ಜಿ, ತಗಣಿ ಆಗ್ಯಾವೇನು?" ಅಲ್ಲವ್ವ. ತಗಣಿ ಸುಡುಬಿಸಿಲಲ್ಲಿ ಗೋಡೆ ಮೇಲೆ ತಿರುಗುವುದಿಲ್ಲ. ಅದು ಮಂಚದ ಸಂದಿಯಲ್ಲಿ, ಗಾದಿಯ ಹೊಲಿಗೆಯಲ್ಲಿ ಅಡಗಿದ್ದು ರಾತ್ರಿ ಹೊರಬರುತ್ತದೆ. ಬಣ್ಣ ಕಂದು, ಬೆಳೆದದ್ದು ಸುಮಾರು 5 ಮಿಲಿಮೀಟರ್. ಗೋಡೆಯದ್ದು ನುಸಿ, ಇಂಗ್ಲಿಷಿನಲ್ಲಿ ಮೈಟ್ ಅಂತಾರಲ್ಲ ಅದು, 1 ಮಿಲಿಮೀಟರ್ ಆದರೆ ಹೆಚ್ಚು.

ಅನುಮಾನ ಇದ್ದರೆ ಒಂದು ಬಿಳಿ ಕಾಗದ ಗೋಡೆಗೆ ಹಿಡಿದು ಎರಡು ಮೂರು ಹುಳ ಬೀಳಿಸಿ, ಮೇಲೆ ಟೇಪ್ ಅಂಟಿಸಿಬಿಡಿ, ಇಲ್ಲಾಂದ್ರೆ ಅವು ನಿಲ್ಲೋದೇ ಇಲ್ಲ. ಆಮೇಲೆ ಮೊಬೈಲ್ ಕ್ಯಾಮೆರಾ ಜೂಮ್ ಮಾಡಿ ಕಾಲು ಎಣಿಸಿ. 8 ಕಾಲಿದ್ದರೆ ನುಸಿ, ಜೇಡ, ಉಣ್ಣಿಗಳ ಬಳಗ. ಮರಿಗಳಿಗೆ ಮಾತ್ರ 6 ಇರುತ್ತದೆ. ಒರೆಸಿದಾಗ ಕೆಂಪು ಕಲೆ ಆಗುತ್ತದಲ್ವಾ, ಅದು ನಮ್ಮ ರಕ್ತ ಅಲ್ಲ, ಹುಳದ ಮೈಬಣ್ಣ. ಇಂಥ ಗೋಡೆ ನುಸಿಗಳಲ್ಲಿ ಬಲಾಸ್ಟಿಯಂ ಅನ್ನೋ ಗುಂಪು ಗಾಳಿಯಲ್ಲಿ ಹಾರಿಬಂದ ಹೂವಿನ ಪರಾಗವನ್ನೂ ತಿಂದು ಬದುಕುತ್ತದೆ. ಸುಮ್ನೆ ಬಿಟ್ಟರೆ ಸೀಸನ್ ಮುಗಿದ ಮೇಲೆ ತಾವೇ ಕಾಣೆಯಾಗುತ್ತವೆ.

ನಾನು ಹೆದರೋದು ಇನ್ನೊಂದಕ್ಕೆ. ವೆಂಟಿಲೇಟರ್‌ನಲ್ಲೋ ಎಸಿ ಪೆಟ್ಟಿಗೆ ಹಿಂದೆಯೋ ಪಾರಿವಾಳ ಗೂಡು ಕಟ್ಟಿದ್ದರೆ, ಹಿತ್ತಲಲ್ಲಿ ಕೋಳಿಗೂಡು ಇದ್ದರೆ, ಅಲ್ಲಿರುವ ನುಸಿ ಹಕ್ಕಿಯ ರಕ್ತ ಹೀರುತ್ತದೆ. ಹಸಿದಾಗ ಬೂದು ಬಣ್ಣ, ಹೊಟ್ಟೆ ತುಂಬಿದ ಮೇಲೆ ಕೆಂಪು. ರಾತ್ರಿಯೇ ಅದರ ಓಡಾಟ. ಮರಿಗಳು ಹಾರಿಹೋಗಿ ಗೂಡು ಖಾಲಿಯಾದ ಮೇಲೆ ಅದು ಮನೆಯೊಳಗೆ ಬಂದು ನಮ್ಮನ್ನೂ ಕಚ್ಚುತ್ತದೆ, ಕಚ್ಚಿದ ಜಾಗ ತುರಿಸಿ ತುರಿಸಿ ಸಾಕಾಗುತ್ತದೆ. ಹಾಗಾಗಿ ಖಾಲಿ ಗೂಡನ್ನು ತಡ ಮಾಡದೆ ತೆಗೆಯಿರಿ. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ, ಕೈಗೆ ಗ್ಲೌಸ್ ಹಾಕಿ, ಹಿಕ್ಕೆಯ ಮೇಲೆ ನೀರು ಚಿಮುಕಿಸಿ ತೋಯಿಸಿ ಆಮೇಲೆ ಕೆರೆಯಿರಿ. ಒಣ ಹಿಕ್ಕೆಯ ಧೂಳು ಎದೆಗೆ ಒಳ್ಳೇದಲ್ಲ.

ಕುಂಡದ ಗುಲಾಬಿ, ಬೆಂಡೆ ಎಲೆಯ ಮೇಲೆ ಸಣ್ಣ ಬಿಳಿಚುಕ್ಕೆ ಬಿದ್ದು, ಅಡಿಭಾಗದಲ್ಲಿ ತೆಳ್ಳಗೆ ಬಲೆ ಕಂಡರೆ ಅದು ಗಿಡದ ಕೆಂಪು ನುಸಿ. ಬೆಳಿಗ್ಗೆ ಎಲೆ ತಿರುವಿ ನೀರು ಹೊಡೆಯಿರಿ, ಜಾಸ್ತಿ ಇದ್ದರೆ ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, ಚೂರು ಸೋಪು.

ಗೋಡೆಯ ನುಸಿಗೆ ಔಷಧಿ ಬೇಡವೇ ಬೇಡ. ಬ್ಯಾಡಗಿ, ಕುಂದಗೋಳ ಕಡೆಯವರ ಮನೆಯಲ್ಲಿ ಮೆಣಸಿನಕಾಯಿ ಹೊಲಕ್ಕೆ ಹೊಡೆಯುವ ಎಣ್ಣೆಯ, ಅಂದರೆ ಕೀಟನಾಶಕದ, ಬಾಟಲಿ ಇರುತ್ತದೆ, ಎಲೆ ಮುದುಡುವ ಮುಟುರು ರೋಗದ ನುಸಿಗೆ ತಂದದ್ದು. ಅದನ್ನೇ ಅಂಗಳದ ಗೋಡೆಗೂ ಹೊಡೆದುಬಿಡೋಣ ಅಂತ ಕೆಲವರಿಗೆ ಅನಿಸುತ್ತದೆ. ಮಕ್ಕಳು ಕೈ ಇಡೋ ಗೋಡೆ ಅದು! ಪೈಪಿನಿಂದ ಜೋರಾಗಿ ನೀರು ಬಿಟ್ಟರೆ ಸಾಕು, ಕಿಟಕಿಯ ಸಂದಿಗೆ ಒದ್ದೆ ಬಟ್ಟೆ. ಸುಣ್ಣದ ಗೋಡೆಗೆ ಮಾತ್ರ ಪೊರಕೆ ಹಾಕಿ ಉಜ್ಜಬೇಡಿ, ಕೆಂಪು ಗೀರು ಉಳಿಯುತ್ತದೆ.

ಮಿರಗದ (ಮೃಗಶಿರಾ) ಮಳೆ ಬಿದ್ದ ಮೇಲೆ ಹೊಲದಲ್ಲಿ ಕಾಣುವ ದಪ್ಪನೆಯ ಮಖಮಲ್ ಹುಳವೂ ನುಸಿಯೇ. ಬೇರೆ ಹುಳಗಳ ಮೊಟ್ಟೆ ತಿನ್ನುತ್ತದೆ, ಹಾಗೇ ಬಿಡಿ.

ಗೋಡೆಯ ನುಸಿ ಶಂಡಿಗೆ ಹಾಕಿದ ಬಿಳಿ ಪಂಚೆ ಮೇಲೆ ಹತ್ತಿದರೆ ಬೆರಳಲ್ಲಿ ಒತ್ತಬೇಡಿ, ಉಫ್ ಅಂತ ಊದಿ. ಪಂಚೆಯನ್ನು ಕಟ್ಟೆ ಮೇಲೆ ಹಾಸೋ ಬದಲು ಮಂಚದ ಮೇಲೆ ಹಾಸಿದರೆ ಅಷ್ಟಾಗಿ ಬರೋದೇ ಇಲ್ಲ.