ಸ್ಕೆಚ್‌ಬುಕ್‌ನಿಂದ ಪ್ಯಾಟರ್ನ್ ರೂಮಿಗೆ ಬರುವವರಿಗೆ

"ಅಕ್ಕ, ಯಾವ ಸಾಫ್ಟ್‌ವೇರ್ ಕಲೀಲಿ?" ಫ್ಯಾಷನ್ ಓದಿ ಬಂದ ಹುಡುಗ ಹುಡುಗಿಯರು ಮೊದಲು ಕೇಳೋದೇ ಇದು. ನಾನು ಪೀಣ್ಯದ ಗಾರ್ಮೆಂಟ್ಸ್ ಒಂದರಲ್ಲಿ ಡಿಸೈನರ್. ದಿನದ ಹೆಚ್ಚು ಹೊತ್ತು ಕಳೆಯುವುದು ಮಾತ್ರ ಪ್ಯಾಟರ್ನ್ (ಬಟ್ಟೆ ಕತ್ತರಿಸುವ ಅಚ್ಚು) ಮಾಡುವ ಪ್ಯಾಟರ್ನ್ ಮಾಸ್ಟರ್ ಪಕ್ಕದಲ್ಲಿ.

ಪ್ಯಾಟರ್ನ್ ಬಿಡಿಸಲು ಫ್ಯಾಕ್ಟರಿಗಳಲ್ಲಿ ಹೆಚ್ಚಾಗಿ ಕಾಣುವುದು ಗರ್ಬರ್ ಅಕ್ಯುಮಾರ್ಕ್, ಲೆಕ್ಟ್ರಾ ಮೊಡಾರಿಸ್. 2021ರಲ್ಲಿ ಗರ್ಬರನ್ನು ಲೆಕ್ಟ್ರಾನೇ ಕೊಂಡುಕೊಂಡಿತು. ಒಂದು ಬಂದರೆ ಇನ್ನೊಂದು ಬೇಗ ಹಿಡಿತಕ್ಕೆ ಬರುತ್ತದೆ. ಮನೆಯಲ್ಲಿ ಅಭ್ಯಾಸಕ್ಕೆ ಸೀಮ್ಲಿ2ಡಿ ಸಾಕು, ಅದು ಪುಕ್ಕಟೆ. ಸಾಫ್ಟ್‌ವೇರ್ ವಿಷಯ ಇಷ್ಟೇ.

ಈಗ ಒಂದು ಕಾಟನ್ ಶರ್ಟ್ ತೆಗೆದುಕೊಳ್ಳಿ. ಕಂಪ್ಯೂಟರ್ ಆನ್ ಮಾಡುವ ಮೊದಲು, ಒಗೆದರೆ ಬಟ್ಟೆ ಎಷ್ಟು ಕುಗ್ಗುತ್ತದೆ ಅಂತ ನೋಡಿ. ತುಂಡೊಂದನ್ನು ಕತ್ತರಿಸಿ, ಅದರ ಮೇಲೆ 50 ಸೆಂ.ಮೀ. ಚೌಕ ಗುರುತು ಮಾಡಿ. ಹಾಸಿನ ಎಳೆ (ಬಟ್ಟೆಯ ಉದ್ದದ ಎಳೆ) ಯಾವ ಕಡೆ ಅಂತ ಬಾಣ ಹಾಕಿ. ಅಂಚು ಬಿಚ್ಚಿಕೊಳ್ಳದಂತೆ ಹೊಲಿಯಿರಿ. ಶರ್ಟಿಗೆ ಕೊನೆಗೆ ಯಾವ ವಾಶ್ ಇದೆಯೋ ಅದೇ ವಾಶ್ ಕೊಡಿ, ಸುಮ್ನೆ ನೀರಿನಲ್ಲಿ ಅದ್ದಿ ತೆಗೆದರೆ ಆಗಲ್ಲ. ಒಣಗಿದ ಮೇಲೆ ಹಾಸಿನ ಕಡೆ 48.5 ಬಂತು ಅಂದರೆ ಶ್ರಿಂಕೇಜ್ (ಕುಗ್ಗುವಿಕೆ) 3%. ಹೊಕ್ಕಿನ (ಅಡ್ಡ ಎಳೆಯ) ಕಡೆ 49.5 ಬಂದರೆ 1%. ಎರಡೂ ಬೇರೆ ಬೇರೆ, ಸರಾಸರಿ ಹಾಕಬೇಡಿ.

ಲೆಕ್ಕದಲ್ಲಿ ಹೊಸಬರು ಎಡವುವುದು ಇಲ್ಲೇ. ಒಗೆದ ಮೇಲೆ ಶರ್ಟಿನ ಉದ್ದ 76 ಸೆಂ.ಮೀ. ಬೇಕಿದ್ದರೆ ಪ್ಯಾಟರ್ನಿನಲ್ಲಿ 76ಕ್ಕೆ 3% ಕೂಡಿಸುವುದಲ್ಲ, 76ನ್ನು 0.97ರಿಂದ ಭಾಗಿಸಬೇಕು: 78.35. 3%ಗೆ ವ್ಯತ್ಯಾಸ ಕಾಣದು. ಆದರೆ ಬಟ್ಟೆ 10% ಕುಗ್ಗುವಂಥದ್ದಾದರೆ ಕೂಡಿಸಿದಾಗ 83.6, ಭಾಗಿಸಿದಾಗ 84.44. ಎಂಟು ಮಿಲಿಮೀಟರ್ ಗಿಡ್ಡ ಶರ್ಟನ್ನು ಬಯರ್ ವಾಪಸ್ ಕಳಿಸುತ್ತಾನೆ.

ಆಮೇಲೆ ತೋಳು. ಕಂಪ್ಯೂಟರ್ ತೆರೆಯಲ್ಲಿ ಆರ್ಮ್‌ಹೋಲಿನ (ತೋಳು ಕೂಡುವ ಜಾಗದ) ಹೊಲಿಗೆ ಗೆರೆಯ ಮೇಲೆ ತೋಳಿನ ಗೆರೆಯನ್ನು ನಡೆಸಿ, ಎರಡರ ಉದ್ದ ಹೋಲಿಸಿ ನೋಡಿ. ಹೊಲಿಗೆಗೆ ಬಿಟ್ಟ ಮಾರ್ಜಿನ್ ಸೇರಿಸಿದ ಅಂಚನ್ನು ಅಳೆಯಬೇಡಿ. ಫಾರ್ಮಲ್ ಶರ್ಟಿನಲ್ಲಿ ತೋಳು ಒಂದು ಸೆಂಟಿಮೀಟರಿನಷ್ಟು ಹೆಚ್ಚಿದ್ದರೆ ನಡೆಯುತ್ತದೆ. ಅದಕ್ಕಿಂತ ಜಾಸ್ತಿ ಇದ್ದರೆ ಲೈನಿನಲ್ಲಿ ಕೂತ ಟೇಲರ್ ಸುಕ್ಕು ಬೀಳದಂತೆ ಹೊಲಿಯಲು ಒದ್ದಾಡಬೇಕು, ಪ್ರೊಡಕ್ಷನ್ ಟಾರ್ಗೆಟ್ ತಪ್ಪಿದ ಬೈಗುಳ ಅವರಿಗೇ. ಮುಂದೆ ಒಂದು, ಹಿಂದೆ ಎರಡು ನಾಚ್ (ಅಂಚಿನ ಗುರುತು ಕಚ್ಚು) ಹಾಕಿಕೊಡಿ, ತೋಳು ಅದಲುಬದಲಾಗಲ್ಲ.

ಗ್ರೇಡಿಂಗ್, ಅಂದರೆ ಒಂದು ಸೈಜಿನ ಪ್ಯಾಟರ್ನಿನಿಂದ ಬೇರೆ ಸೈಜು ಮಾಡುವುದು, ಸುಲಭ. ಸೈಜಿನಿಂದ ಸೈಜಿಗೆ ಎದೆ ಸುತ್ತಳತೆ 4 ಸೆಂ.ಮೀ. ಏರಿದರೆ, ಮುಂಭಾಗದ ಅರ್ಧ ತುಂಡು, ಹಿಂಭಾಗದ ಅರ್ಧ ತುಂಡಿಗೆ ತಲಾ 1, ಎಡ ಬಲ ಸೇರಿ ನಾಲ್ಕು. ಗ್ರೇಡ್ ಮಾಡಿದ ಮೇಲೆ ಎಲ್ಲ ಸೈಜಿನಲ್ಲೂ ತೋಳನ್ನು ಮತ್ತೆ ನಡೆಸಿ. ಇದನ್ನು ಬಿಡುವವರೇ ಹೆಚ್ಚು.

ಮಾರ್ಕರ್ (ಬಟ್ಟೆಯ ಮೇಲೆ ತುಂಡುಗಳನ್ನು ಜೋಡಿಸುವ ನಕ್ಷೆ) ಹಾಕುವಾಗ ಬಟ್ಟೆ ಉಳಿಸುವ ಆಸೆಗೆ ತುಂಡುಗಳನ್ನು ಓರೆ ಮಾಡಬೇಡಿ. ಗ್ರೇನ್ (ಎಳೆಯ ದಿಕ್ಕು) ತಪ್ಪಿದರೆ ಒಗೆದ ಮೇಲೆ ಬದಿಯ ಹೊಲಿಗೆ ತಿರುಚಿ ಹೊಟ್ಟೆಯ ಕಡೆ ಬರುತ್ತದೆ. ಚೆಕ್ಸ್ ಬಟ್ಟೆಗಂತೂ ಉಳಿತಾಯದ ಲೆಕ್ಕವೇ ಬೇರೆ, ಗೆರೆಗೆ ಗೆರೆ ಕೂಡಿಸಲು ಬಟ್ಟೆ ಹೋಗಿಯೇ ಹೋಗುತ್ತದೆ.

ಕ್ಲೋ ತ್ರೀಡಿಯಂಥ ಸಾಫ್ಟ್‌ವೇರಿನಲ್ಲಿ ಹೊಲಿಯದೇ ಶರ್ಟ್ ತೊಡಿಸಿ ನೋಡಬಹುದು. ನನಗೂ ಇಷ್ಟ, ಒಂದೆರಡು ಸ್ಯಾಂಪಲ್ ಹೊಲಿಯುವ ಕೆಲಸ ಉಳಿಯುತ್ತದೆ. ಆದರೆ ಬಟ್ಟೆಯ ತೂಕ, ಬಾಗು, ಹಿಗ್ಗು ಅಳೆದು ತುಂಬಿಸದಿದ್ದರೆ ಅದು ತೋರಿಸುವುದು ಬರೀ ಚಂದದ ಚಿತ್ರ, ಅಲ್ವಾ?

ಇಂಟರ್ವ್ಯೂಗೆ ಹೋಗುವಾಗ ಹತ್ತು ಸ್ಕೆಚ್ ಬೇಡ. ಒಂದೇ ಶರ್ಟಿನ ಟೆಕ್ ಪ್ಯಾಕ್ (ಅಳತೆ, ಹೊಲಿಗೆ ವಿವರಗಳ ಕಡತ), ಪ್ಯಾಟರ್ನ್, ಶ್ರಿಂಕೇಜ್ ತುಂಡು, ಮಾರ್ಕರ್ ಪ್ರಿಂಟ್, ಹೊಲಿದ ಸ್ಯಾಂಪಲ್ ಒಯ್ಯಿರಿ. ಫಿಟ್ ನೋಡಿ ಏನೇನು ತಿದ್ದಿದಿರಿ ಅಂತ ಸ್ಯಾಂಪಲ್ಲಿಗೇ ಚೀಟಿ ಪಿನ್ ಮಾಡಿ. ಸಂಬಳದ ಮಾತು ಮುಗಿದ ಮೇಲೆ ಒಂದು ಕೇಳಿ: ಸ್ಯಾಂಪಲ್ ರೂಮಿನಲ್ಲಿ ಟೇಲರ್ ಪಕ್ಕ ಕೂರಲು ಬಿಡ್ತಾರಾ? ಇಲ್ಲ ಅಂದರೆ ಬೇರೆ ಕಂಪನಿ ನೋಡಿ.